ಟೇಕ್ವಾಂಡೋ ತರಗತಿಯ ಕೊರಿಯನ್ ಆಜ್ಞೆಗಳ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ನಮಸ್ಕಾರ. ಐದರಿಂದ ಏಳನೆಯ ತರಗತಿಯ ಮಕ್ಕಳಿಗೆ ಮಂಗಳವಾರ ಮತ್ತು ಶುಕ್ರವಾರ ಸಂಜೆ ನಡೆಯುತ್ತಿರುವ ಟೇಕ್ವಾಂಡೋ ತರಗತಿಯ ಬಗ್ಗೆ ಕಳೆದ ಪೋಷಕರ ಸಭೆಯಲ್ಲಿ ತಮ್ಮಲ್ಲಿ ಹಲವರು ಒಂದೇ ಪ್ರಶ್ನೆಯನ್ನು ಕೇಳಿದಿರಿ. ಕನ್ನಡ, ಇಂಗ್ಲಿಷ್, ಹಿಂದಿ ಮೂರನ್ನೂ ಕಲಿಯುವ ಹೊರೆ ಇರುವಾಗ ಮೈದಾನದಲ್ಲಿ ಕೊರಿಯನ್ ಏಕೆ, ಆಜ್ಞೆಗಳನ್ನು ಕನ್ನಡದಲ್ಲೇ ಕೊಡಬಾರದೇ ಎಂಬುದು ಆ ಪ್ರಶ್ನೆ. ಅಂದು ಅವಸರದಲ್ಲಿ ಅರೆಬರೆ ಉತ್ತರ ಕೊಟ್ಟಿದ್ದೆನಾದ್ದರಿಂದ ಈ ಪತ್ರದಲ್ಲಿ ಅದನ್ನು ಪೂರ್ತಿಗೊಳಿಸುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ನಮ್ಮ ಮಕ್ಕಳು ಹಿಂದಿಯ ಒಂದಕ್ಷರವೂ ಬಾರದ ವಯಸ್ಸಿನಿಂದ ಪ್ರಾರ್ಥನೆಯ ಸಾಲಿನಲ್ಲಿ ‘ಸಾವಧಾನ್’, ‘ವಿಶ್ರಾಮ್’ ಎಂಬ ಆಜ್ಞೆಗಳನ್ನು ಪಾಲಿಸುತ್ತ ಬಂದಿದ್ದಾರೆ. ಟೇಕ್ವಾಂಡೋ ತರಗತಿಯಲ್ಲಿ ಅದೇ ಎರಡು ಭಂಗಿಗಳಿಗೆ ‘ಚಾರ್ಯೊತ್’, ‘ಶ್ವಿಯೊ’ ಎನ್ನುತ್ತಾರೆ, ಅಷ್ಟೇ. ಆಜ್ಞೆಯ ಪದ ಪಠ್ಯದ ಪದದಂತೆ ಓದಿ ಬರೆಯುವುದಕ್ಕೆ ಇರುವುದಲ್ಲ, ಕಿವಿಗೆ ಬಿದ್ದೊಡನೆ ಮೈ ಕದಲುವುದಕ್ಕೆ ಇರುವುದು.

ಕೊರಿಯನ್ನೇ ಏಕೆಂದರೆ, ಟೇಕ್ವಾಂಡೋ ಎಂಬ ಹೆಸರು 1955ರಲ್ಲಿ ಕೊರಿಯಾದಲ್ಲಿ ಬಳಕೆಗೆ ಬಂದಿತು. ‘ಟೇ’ ಎಂದರೆ ಕಾಲಿನ ಹೊಡೆತ, ‘ಕ್ವಾನ್’ ಎಂದರೆ ಮುಷ್ಟಿ, ‘ಡೋ’ ಎಂದರೆ ಮಾರ್ಗ. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಅದು ಪದಕದ ಕ್ರೀಡೆಯಾಗಿದೆ. ಆಟಗಾರರು ಯಾವ ದೇಶದವರೇ ಆಗಿರಲಿ, ಅಂಕಣದಲ್ಲಿ ರೆಫರಿಯ ಬಾಯಿಂದ ಬರುವ ಪದಗಳು ಕೊರಿಯನ್ನಿನವೇ. ‘ಜುನ್‌ಬಿ’ ಎಂದರೆ ಸಿದ್ಧರಾಗಿ, ‘ಶಿಜಾಕ್’ ಎಂದರೆ ಆರಂಭಿಸಿ, ‘ಕಾಲ್ಯೊ’ ಎಂದರೆ ಬೇರ್ಪಡಿ, ‘ಕ್ಯೆಸೊಕ್’ ಎಂದರೆ ಮುಂದುವರಿಸಿ, ‘ಕುಮಾನ್’ ಎಂದರೆ ನಿಲ್ಲಿಸಿ. ಇವುಗಳಲ್ಲಿ ‘ಕಾಲ್ಯೊ’ ಮತ್ತು ‘ಕುಮಾನ್’ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದವು. ಎದುರಾಳಿಯ ತಲೆಯ ಕಡೆಗೆ ಕಾಲೆತ್ತಿದ ಮಗು ಪದವನ್ನು ಮನಸ್ಸಿನಲ್ಲಿ ಅನುವಾದಿಸಿಕೊಂಡು ಆಮೇಲೆ ನಿಲ್ಲುವಷ್ಟು ಸಮಯ ಅಲ್ಲಿರುವುದಿಲ್ಲ.

ಎಣಿಕೆಯ ವಿಷಯವೂ ಹಾಗೆಯೇ. ‘ಹಾನಾ, ದುಲ್, ಸೆತ್, ನೆತ್, ದಾಸೊತ್, ಯೊಸೊತ್, ಇಲ್ಗೊಪ್, ಯೊದೊಲ್, ಅಹೊಪ್, ಯೊಲ್’ ಎಂದು ಮಕ್ಕಳು ಮನೆಯ ಮೆಟ್ಟಿಲು ಹತ್ತುವಾಗಲೂ ಎಣಿಸುತ್ತಿರುವುದನ್ನು ತಾವು ಕೇಳಿರಬಹುದು. ಪೆಟ್ಟು ತಿಂದು ಆಟಗಾರನೊಬ್ಬ ಬಿದ್ದಾಗ ರೆಫರಿ ಸೆಕೆಂಡಿಗೊಂದರಂತೆ ಇದೇ ಎಣಿಕೆಯನ್ನು ಆರಂಭಿಸುತ್ತಾರೆ. ಬಿದ್ದವನು ಮೂರಕ್ಕೇ ಎದ್ದು ನಿಂತರೂ, ಅವನಿಗೆ ಸುಧಾರಿಸಿಕೊಳ್ಳಲು ಬಿಡುವು ಸಿಗಲೆಂದು ‘ಯೊದೊಲ್’, ಅಂದರೆ ಎಂಟರವರೆಗೆ ಎಣಿಸಿಯೇ, ಅವನ ಸ್ಥಿತಿಯನ್ನು ನೋಡಿ ‘ಕ್ಯೆಸೊಕ್’ ಎನ್ನುತ್ತಾರೆ. ಈ ಎಣಿಕೆ ಅರ್ಥವಾಗುವ ಮಗು ಗಾಬರಿಯಾಗದೆ ಎಂಟರವರೆಗೂ ಉಸಿರು ತೆಗೆದುಕೊಳ್ಳುತ್ತದೆ. ಅರ್ಥವಾಗದ ಮಗು ತತ್ತರಿಸುತ್ತಲೇ ಮುನ್ನುಗ್ಗಲು ನೋಡುತ್ತದೆ.

ಇದೇ ಎಣಿಕೆಯ ಬಗ್ಗೆ ಒಬ್ಬ ತಾಯಿ ಸೂಕ್ಷ್ಮವಾದ ಸಂದೇಹವೊಂದನ್ನು ಎತ್ತಿದ್ದರು. ಒದೆತಗಳನ್ನು ‘ಹಾನಾ, ದುಲ್’ ಎಂದು ಎಣಿಸುವ ಮಗಳು ‘ಪೂಮ್ಸೆ’ ಎಂಬ ಚಲನೆಗಳ ಸರಣಿಯ ಹೆಸರು ಹೇಳುವಾಗ ‘ತೇಗುಕ್ ಇಲ್ ಜಾಂಗ್, ಇ ಜಾಂಗ್’ ಎನ್ನುವುದೇಕೆ, ಇವೆರಡರಲ್ಲಿ ತಪ್ಪು ಯಾವುದು ಎಂದು. ಎರಡೂ ಸರಿ. ನಾವು ವಸ್ತುಗಳನ್ನು ಒಂದು, ಎರಡು ಎಂದು ಎಣಿಸಿ, ಬಹುಮಾನದ ಪಟ್ಟಿಯಲ್ಲಿ ಪ್ರಥಮ, ದ್ವಿತೀಯ ಎಂದು ಸಂಸ್ಕೃತಕ್ಕೆ ಹೊರಳುವಂತೆ, ಕೊರಿಯನ್ನರು ಎಣಿಕೆಗೆ ತಮ್ಮ ನುಡಿಯ ಸಂಖ್ಯೆಗಳನ್ನೂ ಎಂಟು ತೇಗುಕ್‌ಗಳ ಕ್ರಮಸಂಖ್ಯೆಗೆ ಚೀನೀ ಮೂಲದ ‘ಇಲ್, ಇ, ಸಾಮ್’ ಎಂಬವುಗಳನ್ನೂ ಬಳಸುತ್ತಾರೆ.

ಆದರೆ ಅರ್ಥ ತಿಳಿಯದೆ ಕೂಗುವುದು ನನಗೂ ಒಪ್ಪಿಗೆಯಿಲ್ಲ. ಆದ್ದರಿಂದ ನಮ್ಮ ತರಬೇತುದಾರರೊಂದಿಗೆ ಕುಳಿತು ಪ್ರತಿಯೊಂದು ಪದವನ್ನೂ ಬಿಡಿಸಿ ನೋಡಿದಾಗ, ನಾನು ನಿರೀಕ್ಷಿಸದಿದ್ದ ಸಂಗತಿಯೊಂದು ಕಂಡಿತು. ‘ದ್ವಿರೊ ದೋರಾ’ ಎಂಬಲ್ಲಿ ‘ದ್ವಿ’ ಎಂದರೆ ಹಿಂದೆ, ‘ರೊ’ ನಮ್ಮ ‘ಕ್ಕೆ’ ಪ್ರತ್ಯಯದಂಥದು, ‘ದೋರಾ’ ಎಂದರೆ ತಿರುಗು; ಒಟ್ಟಿನಲ್ಲಿ ‘ಹಿಂದಕ್ಕೆ ತಿರುಗು’. ‘ದೊಲ್ಯೊ ಚಾಗಿ’ ಎಂದರೆ ‘ತಿರುಗಿಸಿ ಒದೆಯುವುದು’, ‘ನೆರ್ಯೊ ಚಾಗಿ’ ಎಂದರೆ ‘ಇಳಿಸಿ ಒದೆಯುವುದು’. ಕ್ರಿಯಾಪದ ಕೊನೆಗೇ ಬರುತ್ತದೆ, ಪ್ರತ್ಯಯ ಪದದ ಬಾಲಕ್ಕೇ ಅಂಟುತ್ತದೆ. ಎರಡು ಭಾಷೆಗಳಿಗೂ ನೆಂಟಸ್ತಿಕೆಯಿದೆಯೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷಿನ ಮೂಲಕ ಕಲಿಸುವುದಕ್ಕಿಂತ ಕನ್ನಡದ ಮೂಲಕ ಕಲಿಸಿದರೆ ಈ ಪದಗಳು ಬೇಗ ಮನಸ್ಸಿಗೆ ಹತ್ತುತ್ತವೆ ಎಂಬುದು ಮಾತ್ರ ನನ್ನ ಅನುಭವ. ‘ಅಪ್ ಚಾಗಿ’ಯನ್ನು ಇಂಗ್ಲಿಷಿನ ‘ಅಪ್’ ಎಂದು ತಿಳಿದು ಕಾಲನ್ನು ಆಕಾಶಕ್ಕೆತ್ತುತ್ತಿದ್ದ ಮಕ್ಕಳು, ‘ಅಪ್’ ಎಂದರೆ ಮುಂದೆ ಎಂದು ತಿಳಿದ ಮೇಲೆ ನೇರವಾಗಿ ಎದುರಿಗೆ ಒದೆಯುತ್ತಿದ್ದಾರೆ.

ಗೊಂದಲಗಳೂ ಇಲ್ಲದಿಲ್ಲ. ಮೂಲ ಭಂಗಿಗೆ ಮರಳಿರಿ ಎಂಬುದಕ್ಕೆ ಆಜ್ಞೆ ‘ಬಾರೊ’. ಮೊದಲ ವಾರ ಈ ಮಾತು ಕೇಳಿದ ಐದನೆಯ ತರಗತಿಯ ಹುಡುಗನೊಬ್ಬ ಸಾಲು ಬಿಟ್ಟು ನೇರವಾಗಿ ತರಬೇತುದಾರರ ಬಳಿಗೆ ಹೋಗಿ ನಿಂತ. ಎದೆಗೆ ಕಟ್ಟುವ ರಕ್ಷಾಕವಚದ ಹೆಸರು ‘ಹೋಗು’ ಎಂದು ತಿಳಿದ ದಿನವಂತೂ ತರಗತಿ ಮುಂದುವರಿಯಲಿಲ್ಲ.

‘ಕ್ಯೊಂಗ್‌ನೆ’ ಎಂದಾಗ ಮಕ್ಕಳು ತಲೆಬಾಗಿಸುವುದನ್ನು ಕುರಿತು ಒಂದೆರಡು ಮನೆಗಳಿಂದ ಆಕ್ಷೇಪ ಬಂದಿದೆ. ಅದು ಪೂಜೆಯಲ್ಲ, ವಂದನೆ. ಗುರುಗಳಿಗೂ ಎದುರಾಳಿಗೂ ಅದೇ ವಂದನೆ ಸಲ್ಲುತ್ತದೆ. ಅಖಾಡಕ್ಕಿಳಿಯುವ ಮುನ್ನ ನಮ್ಮ ಗರಡಿಯ ಪೈಲ್ವಾನರು ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೂ ಮನಸ್ಸಿಗೆ ಒಪ್ಪದವರು ನನ್ನೊಂದಿಗೆ ನೇರವಾಗಿ ಮಾತನಾಡಬಹುದು.

ಈ ಪತ್ರದೊಂದಿಗೆ ಇಪ್ಪತ್ತನಾಲ್ಕು ಪದಗಳ ಹಾಳೆಯೊಂದನ್ನು ಕನ್ನಡ ಲಿಪಿಯಲ್ಲಿ, ಕನ್ನಡ ಅರ್ಥದೊಡನೆ ಕಳುಹಿಸಿದ್ದೇನೆ. ದಯವಿಟ್ಟು ಅದನ್ನು ಬಾಯಿಪಾಠ ಮಾಡಿಸಬೇಡಿ, ಕಾಪಿ ಬರೆಸಬೇಡಿ. ಇದಕ್ಕೆ ಶಾಲೆಯಲ್ಲಿ ಅಂಕಗಳಿಲ್ಲ. ಬದಲಿಗೆ ತಾವು ಪದ ಓದಿರಿ, ಮಗು ಅದನ್ನು ಮಾಡಿ ತೋರಿಸಲಿ. ನಮ್ಮ ನಾಲಿಗೆಯ ಅಭ್ಯಾಸದಂತೆ ‘ಸೆತ್ತು, ನೆತ್ತು’ ಎಂದು ಕೊನೆಗೆ ಉಕಾರ ಸೇರುತ್ತದೆ. ಕೊರಿಯನ್ನಿನಲ್ಲಿ ಆ ತಕಾರ ಬಾಯೊಳಗೇ ನಿಂತುಬಿಡುತ್ತದೆ ಎಂಬುದನ್ನು ಮಾತ್ರ ಗಮನಿಸಿರಿ. ಒದೆತದ ಪದಗಳನ್ನು ಟಿವಿಯಿಂದ ದೂರದಲ್ಲಿ ಅಭ್ಯಾಸ ಮಾಡಿಸುವುದು ಒಳ್ಳೆಯದು. ಹಾಳೆಯ ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಮಾಡಿ, ಮಗುವಿಗೆ ಮೊಣಕಾಲು, ಕಿವಿ ಅಥವಾ ಉಸಿರಾಟದ ತೊಂದರೆಯೇನಾದರೂ ಇದ್ದರೆ ಅದನ್ನೂ ಬರೆದು, ಬರುವ ಸೋಮವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ