ಪ್ರಾಕ್ಟಿಕಲ್ ನೋಡಿಕೊಳ್ಳುವವರಿಗೂ ತರಬೇತಿ ಕೊಡಿ

ಮಾನ್ಯ ಸಂಪಾದಕರೇ,

ಪಿಎಚ್.ಡಿಗೆ ಸೇರಿದ ಎರಡನೇ ವಾರವೇ ನಮ್ಮ ಗೈಡ್ 'ನಾಳೆಯಿಂದ ಬಿ.ಎಸ್ಸಿ ಪ್ರಾಕ್ಟಿಕಲ್ ನೀನೇ ನೋಡಿಕೋ' ಅಂದರು. ಹೇಗೆ ಅಂತ ಯಾರೂ ಹೇಳಲಿಲ್ಲ. ಮೊದಲ ದಿನವೇ ಟೈಟ್ರೇಶನ್, ಅಂದರೆ ಬಣ್ಣ ಬದಲಾಗುವವರೆಗೆ ಒಂದು ದ್ರಾವಣಕ್ಕೆ ಇನ್ನೊಂದನ್ನು ಸ್ವಲ್ಪಸ್ವಲ್ಪವಾಗಿ ಬಿಡುವ ಪ್ರಯೋಗ. 'ಗುಲಾಬಿ ಬಣ್ಣ ಬಂದ ಕೂಡಲೇ ನಿಲ್ಲಿಸಿ' ಅಂದೆ. ರೋಣ ಕಡೆಯ ಒಬ್ಬ ಹುಡುಗಿ ಮೂರು ಸಲ ಮಾಡಿದಳು. ಮೂರು ಸಲವೂ ಫ್ಲಾಸ್ಕಿನಲ್ಲಿ ಕಡು ಗುಲಾಬಿ, ಅಂದರೆ ದ್ರಾವಣ ಹೆಚ್ಚು ಬಿದ್ದಿತ್ತು. ಸಿಟ್ಟಿನಿಂದ 'ಮತ್ತೆ ಮಾಡು' ಅಂದೆ. ಅವಳ ಕಣ್ಣು ತುಂಬಿ ಬಂತು.

ಆಗ ಲ್ಯಾಬಿನ ಅಟೆಂಡರ್ ಕಾಕಾ ಮೆಲ್ಲಗೆ ಅಂದರು: 'ಹೇಳಿದ್ರ ತಿಳಿಯಂಗಿಲ್ರಿ ಮೇಡಂ, ಒಂದ್ಸಲ ಮಾಡಿ ತೋರಸ್ರಿ.' ಫ್ಲಾಸ್ಕಿನ ಕೆಳಗೆ ಬಿಳಿ ಹಾಳೆ ಇಟ್ಟೆ. ಕೊನೆಗೆ ಒಂದೊಂದೇ ಹನಿ ಬಿಟ್ಟೆ. ಅಲ್ಲಾಡಿಸಿದರೂ ಮಾಸದ ಆ ತೆಳು ಬಣ್ಣ ನೋಡಿ 'ಇಷ್ಟೇನಾ?' ಅಂದಳು. ಮುಂದಿನ ಸಲ ಅವಳಿಗೂ ಸರಿಯಾಗಿ ಬಂತು.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ಪಿಎಚ್.ಡಿ ನಿಯಮದಲ್ಲಿ ಎರಡು ಮಾತಿವೆ. ಸಂಶೋಧನಾ ವಿದ್ಯಾರ್ಥಿಗಳು ತಮ್ಮ ವಿಷಯ ಕಲಿಸುವ ತರಬೇತಿ ಪಡೆಯಬೇಕು. ವಾರಕ್ಕೆ 4ರಿಂದ 6 ತಾಸು ಟ್ಯುಟೋರಿಯಲ್, ಲ್ಯಾಬ್, ಮೌಲ್ಯಮಾಪನದ ಕೆಲಸವನ್ನೂ ಅವರಿಗೆ ಕೊಡಬಹುದು. ನನಗೆ ಕೆಲಸ ಸಿಕ್ಕಿತು, ತರಬೇತಿ ಸಿಗಲಿಲ್ಲ. ಜರ್ನಲ್ (ವಿದ್ಯಾರ್ಥಿಗಳು ಪ್ರಯೋಗ ಬರೆದಿಡುವ ಪುಸ್ತಕ) ತಿದ್ದುವುದೂ ಸೇರಿದರೆ ವಾರಕ್ಕೆ 12 ತಾಸು ದಾಟುತ್ತಿತ್ತು. ಒಂದೇ ತರಹದ ಜರ್ನಲ್‌ಗೆ ನಾನು 8 ಅಂಕ ಕೊಟ್ಟರೆ ಪಕ್ಕದ ಬ್ಯಾಚಿನಲ್ಲಿ 5. ಇದು ಮಕ್ಕಳಿಗೆ ಅನ್ಯಾಯ ಅಲ್ವಾ?

ಗೈಡ್ ಹೇಳಿದರು ಅಂತ ಸಿಕ್ಕವರನ್ನು ಸುಮ್ನೆ ಕಳಿಸಬೇಡಿ. ಕಲಿಸಲು ಮನಸ್ಸಿರುವವರನ್ನು ಕೇಳಿ ಆರಿಸಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲರೇ ಅಂತಲೂ ನೋಡಿ. ಸೆಮಿಸ್ಟರ್‌ಗೆ ಮೊದಲು ನಾಲ್ಕು ದಿನ ಸಾಕು. ಪ್ರಯೋಗಗಳನ್ನು ಅವರೇ ಒಮ್ಮೆ ಮಾಡಲಿ, ಹತ್ತು ಜರ್ನಲ್‌ಗಳನ್ನು ಎಲ್ಲರೂ ಕೂತು ತಿದ್ದಿ ಅಂಕ ಹೋಲಿಸಲಿ. ಮೊದಲ ಎರಡು ಕ್ಲಾಸಿಗೆ ಹಿರಿಯರೊಬ್ಬರು ಹಿಂದೆ ಕೂರಲಿ. ಆಮೇಲೂ ಏನಾದರೂ ತಿಳಿಯದಿದ್ದರೆ ಯಾರನ್ನು ಕೇಳಬೇಕು ಅನ್ನುವುದು ಗೊತ್ತಿರಬೇಕು.

ಧಾರವಾಡ, ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲ ಕಡೆ ವಿಶ್ವವಿದ್ಯಾಲಯಗಳಿವೆ. ಬಸ್ಸಿಗೆ ಕೂತರೆ ಮಧ್ಯಾಹ್ನದೊಳಗೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಈ ತರಬೇತಿಯನ್ನು ಎಲ್ಲರೂ ಸೇರಿ ನಡೆಸಿದರೆ ಖರ್ಚೂ ಕಡಿಮೆ. ಅದಕ್ಕೆ ಅಟೆಂಡರ್ ಕಾಕಾನಂಥವರನ್ನೂ ಕರೆಯಿರಿ. ಯಾವ ಪ್ರಯೋಗದಲ್ಲಿ ಹುಡುಗರು ಎಲ್ಲಿ ತಪ್ಪುತ್ತಾರೆ ಅಂತ ಅವರು 25 ವರ್ಷದಿಂದ ನೋಡುತ್ತಿದ್ದಾರೆ.

— ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಧಾರವಾಡ