ಮಗಳಿಗೊಂದು ಪತ್ರ: ನಿನ್ನ ಲೆಕ್ಕದಲ್ಲಿ ಸಗಣಿ ಎಲ್ಲಿ?

ಪ್ರೀತಿಯ ಕೂಸೇ,

ಆಕಳು ಸಾಕುವ ಲೆಕ್ಕ ಹಾಕಿ ನೀನು ಕಳಿಸಿದ ಎಕ್ಸೆಲ್ ಶೀಟನ್ನು ತಮ್ಮನ ಮೊಬೈಲಿನಲ್ಲಿ ನೋಡಿದೆ. ಹತ್ತು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ಸೀಮೆ ತಳಿ) ಆಕಳು, ದಿನಕ್ಕೆ ತಲಾ 15 ಲೀಟರ್ ಹಾಲು, ಗುಣಿಸು 365. ಅಪ್ಪಯ್ಯ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಸುಮ್ಮನೆ ನಕ್ಕರು.

365 ದಿನ ಕರೆಯುವ ಆಕಳು ಶಿರಸಿ ಪೇಟೆಯಲ್ಲೂ ಸಿಗುವುದಿಲ್ಲ, ನಿನ್ನ ಬೆಂಗಳೂರಲ್ಲೂ ಇಲ್ಲ. ವರ್ಷಕ್ಕೊಂದು ಕರು ಹಾಕುವ ಒಳ್ಳೆಯ ಆಕಳೂ ಕೊಡುವುದು ಸುಮಾರು 305 ದಿನ. ಕರು ಹಾಕುವ ಮೊದಲು 60 ದಿನ ಹಾಲು ಬತ್ತಿಸಲೇಬೇಕು, ಇಲ್ಲದಿದ್ದರೆ ಮುಂದಿನ ಸೂಲಿನಲ್ಲಿ ಹಾಲು ಕಮ್ಮಿ. ಅದೂ ಸರಿಯಾಗಿ ಗಬ್ಬ ನಿಂತರೆ.

ಹೋದ ಅಡಿಕೆ ಕೊಯ್ಲಿನಲ್ಲಿ ಎಡವಿದವಳು ನಾನೇ. ಅಂಗಳದ ತುಂಬ ಗೊನೆ, ರಾತ್ರಿ ಹನ್ನೊಂದಾದರೂ ಸುಲಿದು ಮುಗಿಯದು. ಕೊಟ್ಟಿಗೆಯಲ್ಲಿ ನಮ್ಮ ಆಕಳು ಕಾವೇರಿ ಕೂಗುತ್ತಿತ್ತು. ಸೊಳ್ಳೆ ಕಾಟವಿರಬೇಕು ಎಂದು ಹೊಗೆ ಹಾಕಿ ಬಂದೆ. ಮರುದಿನ ಸಂಜೆ ನೋಡಿದರೆ ಬಾಲದ ಬುಡದಲ್ಲಿ ಲೋಳೆ ಒಣಗಿ ಅಂಟಿತ್ತು. ಕೂಗಿದ್ದು ಬೆದೆಗೆ ಬಂದು ಎಂದು ಆಗ ಹೊಳೆಯಿತು. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಗಬ್ಬ ಕಟ್ಟಿಸುವ ಇಂಜೆಕ್ಷನ್, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಅಷ್ಟೂ ಗೊತ್ತಿದ್ದವಳು ಕೈಬಿಟ್ಟೆ. ಮುಂದಿನ ಬೆದೆಗೆ ಮತ್ತೆ 21 ದಿನ. ಆ ಸರದಿಗೆ ನಾವು ಮದುವೆಮನೆಯಲ್ಲಿದ್ದೆವು. ಒಟ್ಟು 42 ದಿನ, ಹಾಲು ಎರಡು ಲೀಟರಿಗೆ ಇಳಿದ ಆಕಳು ದಾಣಿ (ಹಿಂಡಿ, ಬೂಸಾ) ತಿನ್ನುವುದನ್ನು ಮಾತ್ರ ಒಂದು ಹೊತ್ತೂ ಬಿಡಲಿಲ್ಲ. ನಿನ್ನ ಶೀಟಿನಲ್ಲಿ ಈ ನಷ್ಟಕ್ಕೊಂದು ಸಾಲು ಬೇಕು.

ದಾಣಿಯೂ ಹಾಗೇ. ಮೊದಲೆಲ್ಲ ಎಲ್ಲದಕ್ಕೂ ಒಂದೇ ಬುಟ್ಟಿ ಹಾಕುತ್ತಿದ್ದೆ, ಭೇದ ಮಾಡಬಾರದೆಂದು! ಈಗ ದಿನಕ್ಕೆ ಆಕಳ ಮೈಗೆಂದು ಒಂದೂವರೆ ಕೆಜಿ, ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿಯಂತೆ ತೂಗಿ ಇಡುತ್ತೇನೆ. ನೇಪಿಯರ್ ಹುಲ್ಲನ್ನು ಕತ್ತರಿಸಿ ಹಾಕಿದ ಮೇಲೆ ಗೋದಲಿಯಲ್ಲಿ ದಂಟು ಉಳಿಯುವುದೇ ಇಲ್ಲ. ತೋಟದ ಹಸಿ ಅಡಿಕೆ ಹಾಳೆಯನ್ನೂ ಸೀಳಿ ಕೊಚ್ಚಿ ಹಾಕುತ್ತೇನೆ, ಪುಕ್ಕಟೆ ಮೇವು.

ಎಚ್‌ಎಫ್ ಬಗ್ಗೆ ನನಗೆ ಮನಸ್ಸಿಲ್ಲ. ನಮ್ಮ ಮಳೆ, ಉಣ್ಣೆ ಹುಳ, ಸೆಕೆ ಅದಕ್ಕೆ ಆಗಿಬರುವುದಿಲ್ಲ. ಜರ್ಸಿ ಮಿಶ್ರ ತಳಿಯಾದರೆ ಹಾಲು ಕಮ್ಮಿಯಾದರೂ ಡೇರಿಯಲ್ಲಿ ಫ್ಯಾಟ್ ಚೆನ್ನಾಗಿ ಬರುತ್ತದೆ, ದುಡ್ಡು ಫ್ಯಾಟ್ ನೋಡಿಯೇ ಅಲ್ಲವೇ.

ಮತ್ತೆ ಸಗಣಿ. ದಿನಕ್ಕೆ 50 ಕೆಜಿ ಹಾಕಿದರೆ ನಮ್ಮ ಎರಡು ಘನ ಮೀಟರ್ ಗೋಬರ್ ಗ್ಯಾಸಿನಲ್ಲಿ ಎರಡೂ ಹೊತ್ತಿನ ಅಡಿಗೆ. ಸಿಲಿಂಡರ್ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಗ್ಯಾಸಿನ ಗುಂಡಿಯಿಂದ ಬರುವ ಸ್ಲರಿ ಅಡಿಕೆ ಬುಡಕ್ಕೆ, ಬೆಟ್ಟದ ಸೊಪ್ಪು, ದರಕು (ಒಣಗಿದ ಎಲೆ) ಕೊಟ್ಟಿಗೆಯಲ್ಲಿ ಹಾಸಿ ಗೊಬ್ಬರ. ಹಾಲಿನ ದುಡ್ಡು ಹಿಂಡಿಗೆ, ಡಾಕ್ಟರಿಗೆ ಹೋದರೂ ಉಳಿಯುವುದು ಇದರಲ್ಲೇ. ಅದಕ್ಕೇ ಹತ್ತು ಬೇಡ, ಮೂರು ಸಾಕು. ತೋಟ ಎಷ್ಟು ಗೊಬ್ಬರ ತಿನ್ನುತ್ತದೆಂದು ನೋಡಿ ಆಮೇಲೆ ನಾಲ್ಕನೆಯದು.

ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಒಂದು ವಾರ ಮೊದಲೇ ಬಾ, ಹಾಲು ಕರೆಯುವ ಕೆಲಸ ನಿನ್ನದು.

ಇನ್ನೂ ಕರು ಹಾಕದ ನಮ್ಮ ಗೌರಿ ಮಣಕಕ್ಕೆ ಬರುವ 14ಕ್ಕೆ ಬೆದೆಯ ಸರದಿ. ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೇನೆ, ಆದರೂ ಅಂದು ಬೆಳಿಗ್ಗೆ ಒಂದು ಫೋನ್ ಮಾಡಿ ನೆನಪಿಸು.

ನಿನ್ನ
ಆಯಿ