ಗೆಳೆಯನಿಗೊಂದು ಪತ್ರ: ವೈಸ್ ಸಿಟಿಯಲ್ಲೊಂದು ಪ್ರಿಂಟಿಂಗ್ ಪ್ರೆಸ್ಸು

ಪ್ರೀತಿಯ ಗೆಳೆಯಾ,

ಹೇಗಿದ್ದೀಯ ಮಾರಾಯ? ಫೋನ್ ಮಾಡಿ ಹೇಳೋಣ ಅಂದುಕೊಂಡೆ. ಆದರೆ ಇದು ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಆಗ ನಮ್ಮ ಜೊತೆ ಸೈಬರಿಗೆ ಬರುತ್ತಿದ್ದ ಹುಡುಗರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ಇಲ್ಲಿ ಶಿವಮೊಗ್ಗದಲ್ಲಿ ಪುನರ್ವಸು ಮಳೆ ಹಿಡಿದು ಕೂತಿದೆ. ಮೂರು ದಿನದಿಂದ ಬಿಟ್ಟಿಲ್ಲ. ಕೋರ್ಪಲಯ್ಯ ಛತ್ರದ ಹತ್ತಿರ ಹೊಳೆಯೊಳಗಿನ ಮಂಟಪ ಮುಳುಗಿದೆ, ಜನ ಕೊಡೆ ಹಿಡಿದುಕೊಂಡು ನೋಡೋಕೆ ಹೋಗುತ್ತಿದ್ದಾರೆ. ಮಗಳಿಗೆ ಶಾಲೆ ರಜೆ. ನಾನೂ ಮನೆಯಲ್ಲೇ ಉಳಿದೆ. ಮಧ್ಯಾಹ್ನ ಅವಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ವೈಸ್ ಸಿಟಿ ಹಾಕಿದೆ. ಹೌದು, ಅದೇ ಜಿಟಿಎ ವೈಸ್ ಸಿಟಿ, ಊರ ತುಂಬ ಗಾಡಿ ಓಡಿಸಿಕೊಂಡು ತಿರುಗುವ ಆ ಕಂಪ್ಯೂಟರ್ ಆಟ.

ಹಿಂದೊಮ್ಮೆ ಸ್ಟೀಮ್ ಅನ್ನುವ ಇಂಟರ್‌ನೆಟ್ ಗೇಮ್ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕಾಗ ಕೊಂಡಿದ್ದೆ, ಹಾಗೇ ಬಿದ್ದಿತ್ತು. ಈಗ ಅಲ್ಲಿ ಆ ಹಳೇ ಆಟ ಕೊಳ್ಳೋಕೆ ಸಿಗುವುದಿಲ್ಲ. 2021ರಲ್ಲಿ ಹೊಸ ಬಣ್ಣ ಬಳಿದ ಆವೃತ್ತಿ ತಂದಾಗ ಹಳೆಯದನ್ನು ಅಂಗಡಿಯಿಂದ ತೆಗೆದರು. ಸ್ಟೀಮಿನಲ್ಲಿ ಮೊದಲೇ ಕೊಂಡವರ ಹತ್ತಿರ ಹಾಗೇ ಉಳಿದಿದೆ. ಹೊಸದು ಬಂದಾಗ ಜನ ಎಷ್ಟು ಬೇಸರ ಮಾಡಿಕೊಂಡರು ಅಂದರೆ, ಆಟ ತಂದ ರಾಕ್‌ಸ್ಟಾರ್ ಕಂಪನಿ ಕ್ಷಮೆ ಕೇಳಿತು. ಅದರಲ್ಲಿ ಮಳೆ ಬಂದರೆ ಬಿಳಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು, ದಾರಿಯೇ ಕಾಣುತ್ತಿರಲಿಲ್ಲ. ಮಲೆನಾಡಿನವರಿಗೆ ಮಳೆ ಹೇಗಿರುತ್ತದೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ. ನನಗೆ ಹಳೆಯದೇ ಬೇಕಿತ್ತು.

ನಿನಗೆ ದುರ್ಗಿಗುಡಿಯ ಆ ಸೈಬರ್ ನೆನಪಿದೆಯಾ? ಮೆಟ್ಟಿಲು ಹತ್ತಿ ಹೋಗಬೇಕು, ಆರು ಕಂಪ್ಯೂಟರ್, ಅದರಲ್ಲಿ ಗೇಮ್ ಓಡುವುದು ಎರಡರಲ್ಲಿ. ಗಂಟೆಗೆ ಇಪ್ಪತ್ತು ರೂಪಾಯಿ. ನಮ್ಮ ಹತ್ತಿರ ಇರುತ್ತಿದ್ದದ್ದು ಹತ್ತು, ಅಂದರೆ ಅರ್ಧ ಗಂಟೆ, ಅದರಲ್ಲಿ ಹದಿನೈದು ನಿಮಿಷ ನಿನ್ನದು ಹದಿನೈದು ನನ್ನದು. ಕರೆಂಟು ಹೋದರೆ ಅಷ್ಟೇ ಕಥೆ. ಹಿಂದಿನ ದಿನ ಸೇವ್ ಮಾಡಿದ್ದನ್ನು ಬೇರೆ ಯಾರೋ ಅಳಿಸಿ ತಮ್ಮದು ಇಟ್ಟಿರುತ್ತಿದ್ದರು. ಅದಕ್ಕೇ ನಾವು ಕಥೆಯ ತಂಟೆಗೆ ಹೋಗದೆ ಸುಮ್ನೆ ತಿರುಗುತ್ತಿದ್ದೆವು. ಗಣಿತದ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಚೀಟ್ ಕೋಡ್‌ಗಳು, ಅಂದರೆ ಆಟದ ನಡುವೆ ಒತ್ತುವ ಗುಟ್ಟಿನ ಪದಗಳು. ಪ್ಯಾಂಜರ್ ಅಂತ ಒತ್ತಿದರೆ ಟ್ಯಾಂಕ್ ಬಂದು ಬೀಳುತ್ತಿತ್ತು. ಲೀವ್ ಮಿ ಅಲೋನ್ ಅಂದರೆ ಪೊಲೀಸರು ಬಿಟ್ಟುಬಿಡುತ್ತಿದ್ದರು. ನಿನಗೆ ಸೀವೇಸ್ ಇಷ್ಟ. ಅದನ್ನು ಒತ್ತಿದರೆ ಕಾರು ನೀರಿನ ಮೇಲೆ ಓಡುತ್ತಿತ್ತು. ಯಾಕೆಂದರೆ ಆಟದ ನಾಯಕ ಟಾಮಿಗೆ ಈಜು ಬರುವುದಿಲ್ಲ, ಆಳದ ನೀರಿಗೆ ಬಿದ್ದರೆ ಸತ್ತ. ಪ್ರತಿ ಭಾನುವಾರ ತುಂಗೆಯಲ್ಲಿ ಬಿದ್ದಿರುತ್ತಿದ್ದ ನಿನಗೆ ಅದನ್ನು ಒಪ್ಪಿಕೊಳ್ಳೋಕೆ ಆಗಲೇ ಇಲ್ಲ. ಇಷ್ಟು ದೊಡ್ಡ ಗಂಡಸು, ಸಮುದ್ರದ ಪಕ್ಕದ ಊರಲ್ಲಿ ಇದ್ದಾನೆ, ಈಜು ಕಲಿಯಬಾರದಾ ಅಂತ ನೀನು ದಿನಾ ಬೈಯುತ್ತಿದ್ದೆ.

ಈಗ ಆಡುವಾಗ ಒಂದೊಂದಕ್ಕೂ ಕಾರಣ ಗೊತ್ತಾಗುತ್ತಿದೆ, ಅದೇ ಒಂದು ಖುಷಿ. ನಾವು ಒಂದು ಗಾಡಿ ಹತ್ತಿದರೆ ಊರ ತುಂಬ ಅದೇ ಗಾಡಿ ಬರುತ್ತಿತ್ತಲ್ಲ? ಈ ಆಟ 2002ರ ಅಕ್ಟೋಬರಿನಲ್ಲಿ ಮೊದಲು ಬಂದದ್ದು ಟಿವಿಗೆ ಹಾಕಿ ಆಡುವ ಪ್ಲೇಸ್ಟೇಷನ್ 2 ಯಂತ್ರಕ್ಕೆ, ಕಂಪ್ಯೂಟರಿಗೆ ಬಂದದ್ದು 2003ರ ಮೇನಲ್ಲಿ. ಆ ಪ್ಲೇಸ್ಟೇಷನ್ನಿನಲ್ಲಿ ಇದ್ದ ಮುಖ್ಯ ಮೆಮೊರಿ ಬರೀ 32 ಎಂಬಿ. ಇಡೀ ಊರನ್ನು ಅದರೊಳಗೆ ತುಂಬೋಕಾಗಲ್ಲ. ಹಾಗಾಗಿ ನೀನು ಹೋದ ಹಾಗೆ ಮುಂದಿನ ಬೀದಿಯನ್ನು ಡಿಸ್ಕಿನಿಂದ ಓದಿಕೊಂಡು, ಹಿಂದಿನ ಬೀದಿಯನ್ನು ಕೈಬಿಡುತ್ತಾ ಇರುತ್ತದೆ. ಗಾಡಿಗಳೂ ಅಷ್ಟೇ, ಒಂದು ಹೊತ್ತಿಗೆ ಕೆಲವೇ ಬಗೆಯವು ಮೆಮೊರಿಯಲ್ಲಿ ಇರುತ್ತವೆ. ನೀನು ಕೂತ ಗಾಡಿ ಹೇಗೂ ಒಳಗಿದೆ, ಅದನ್ನೇ ಮತ್ತೆ ಮತ್ತೆ ಬಿಡುತ್ತದೆ. ದೂರದ ಕಟ್ಟಡಗಳು ಮಂಜಿನಿಂದ ಎದ್ದು ಬಂದ ಹಾಗೆ ಕಾಣುತ್ತಿದ್ದದ್ದಕ್ಕೂ ಇದೇ ಬಗೆಯ ಕಾರಣ, ಯಂತ್ರಕ್ಕೆ ದೂರದ್ದೆಲ್ಲ ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲ. ನಮಗೆ ಅದು ಕೊರತೆ ಅನ್ನಿಸಿರಲೇ ಇಲ್ಲ. ಆಗುಂಬೆ ಘಾಟಿ ಇಳಿದವರಿಗೆ ಊರು ಹಾಗೆ ಕಾಣುವುದೇ ಸಹಜ.

ಇಷ್ಟು ಕಡಿಮೆ ಜಾಗದಲ್ಲಿ, ಇದರ ಹಿಂದಿನ ಆಟ ಜಿಟಿಎ 3 ಬಂದ ಒಂದೇ ವರ್ಷಕ್ಕೆ, ರಾಕ್‌ಸ್ಟಾರಿನ ಸ್ಕಾಟ್ಲೆಂಡ್ ತಂಡ ಎರಡು ದೊಡ್ಡ ದ್ವೀಪ, ಬೈಕು, ಹೆಲಿಕಾಪ್ಟರು, ಒಳಗೆ ಹೋಗಬಹುದಾದ ಅಂಗಡಿಗಳು, ಎಲ್ಲ ಸೇರಿಸಿ ಊರು ಕಟ್ಟಿತಲ್ಲ, ಅದನ್ನು ನೆನೆದರೆ ನನಗೆ ಈಗಲೂ ಗೌರವ ಬರುತ್ತದೆ. ಹಾಯಾಗಿ ತಿರುಗಬಹುದಾದ ಆಟ ಅದಕ್ಕೂ ಮೊದಲು ಇರಲಿಲ್ಲ ಅಂತಲ್ಲ. 1984ರಲ್ಲೇ ಎಲೀಟ್ ಅನ್ನುವ ಆಟದಲ್ಲಿ ಬಾಹ್ಯಾಕಾಶದಲ್ಲಿ ಬೇಕಾದ ಕಡೆ ಹೋಗಬಹುದಿತ್ತು. ಆದರೆ ಬೀದಿ, ಜನ, ಮಳೆ, ಸಂಜೆ ಇರುವ ಊರೊಂದರಲ್ಲಿ ಹೀಗೆ ಅಲೆಯುವ ರುಚಿ ಹತ್ತಿಸಿದ್ದು ಜಿಟಿಎ 3 ಮತ್ತು ಇದು. ಆಮೇಲೆ ಬಂದವರಲ್ಲಿ ತುಂಬ ಜನ ಇವರ ದಾರಿಯಲ್ಲೇ ನಡೆದರು.

ಹೊಸ ಲ್ಯಾಪ್‌ಟಾಪಿನಲ್ಲಿ ಅದು ಓಡಿದ್ದು ಸುಲಭಕ್ಕಲ್ಲ. ಆಗ ಆಟ ಕೇಳುತ್ತಿದ್ದದ್ದು 128 ಎಂಬಿ ರ್‍ಯಾಮ್, ಈಗ ನನ್ನ ಹತ್ತಿರ ಇರುವುದು ಅದರ 128 ಪಟ್ಟು. ಆದರೂ ಮೊದಲ ಸಲ ಹಾಕಿದಾಗ ಮೌಸ್ ತಿರುಗಲಿಲ್ಲ, ಅಗಲದ ಪರದೆಗೆ ಎಳೆದು ಟಾಮಿ ದಪ್ಪಗಾಗಿದ್ದ, ಮೂಲೆಯ ದುಂಡಗಿನ ನಕ್ಷೆ ಮೊಟ್ಟೆಯಾಗಿತ್ತು. ಮೆನುವಿನಲ್ಲಿ ಸೆಕೆಂಡಿಗೆ ಇಷ್ಟೇ ಚಿತ್ರ ಅಂತ ತಡೆಯುವ ಫ್ರೇಮ್ ಲಿಮಿಟರ್ ಅಂತ ಒಂದಿದೆ, ಅದನ್ನು ತೆಗೆದರೆ ಇನ್ನೂ ಚೆನ್ನಾಗಿ ಓಡಬಹುದು ಅಂತ ತೆಗೆದೆ. ಕಾರು ಓಡುವ ರೀತಿಯೇ ಕೆಟ್ಟುಹೋಯಿತು. ಆ ಆಟ ಸೆಕೆಂಡಿಗೆ 30 ಚಿತ್ರದ ಲೆಕ್ಕದಲ್ಲಿ ಕಟ್ಟಿದ್ದು. ಗಾಡಿಯ ಲೆಕ್ಕವೂ ಆ ಚಿತ್ರಗಳ ಜೊತೆಗೇ ನಡೆಯುತ್ತದೆ. ಇವತ್ತಿನ ಯಂತ್ರ ಸೆಕೆಂಡಿಗೆ ನೂರಾರು ಚಿತ್ರ ಕೊಟ್ಟರೆ ಅದಕ್ಕೆ ತಾಳ ತಪ್ಪುತ್ತದೆ. ಮತ್ತೆ ಲಿಮಿಟರ್ ಹಾಕಿದೆ. ಉಳಿದದ್ದನ್ನು ಸೈಲೆಂಟ್‌ಪ್ಯಾಚ್ ಮತ್ತು ವೈಡ್‌ಸ್ಕ್ರೀನ್ ಫಿಕ್ಸ್ ಅನ್ನುವ ಎರಡು ಪುಟ್ಟ ಪ್ರೋಗ್ರಾಮು ಸರಿ ಮಾಡಿದವು. ಎರಡೂ ಅಭಿಮಾನಿಗಳು ಮಾಡಿ ಪುಕ್ಕಟೆ ಹಂಚಿದ್ದು. ನೀನೂ ಹಾಕುವುದಾದರೆ ಮೊದಲು ಅವೆರಡು ಹಾಕಿಕೋ.

ಆ ಸೈಲೆಂಟ್‌ಪ್ಯಾಚ್ ಮಾಡುವವರು ಕಂಡುಹಿಡಿದ ಒಂದು ಸಂಗತಿ ಹೇಳಲೇಬೇಕು, ನಿನಗೆ ಇಷ್ಟವಾಗುತ್ತದೆ. ಇದು ಮುಂದಿನ ಆಟ ಸ್ಯಾನ್ ಆಂಡ್ರಿಯಾಸಿನದು. ಅದರಲ್ಲಿ ಸ್ಕಿಮ್ಮರ್ ಅಂತ ನೀರಿನ ಮೇಲೆ ಇಳಿಯುವ ವಿಮಾನ ಇದೆ. ಇಪ್ಪತ್ತು ವರ್ಷ ಸರಿಯಾಗಿ ಹಾರುತ್ತಿದ್ದ ಅದು ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಮಾಯವಾಯಿತು. ಎಲ್ಲರೂ ವಿಂಡೋಸನ್ನು ದೂರಿದರು. ತಪ್ಪು ಇದ್ದದ್ದು ಆಟದಲ್ಲೇ. ವೈಸ್ ಸಿಟಿಯಲ್ಲಿ ಆ ಸ್ಕಿಮ್ಮರನ್ನು ದೋಣಿ ಅಂತ ಬರೆದಿದ್ದರು, ದೋಣಿಗೆ ಚಕ್ರದ ಅಳತೆ ಬೇಡ. ಮುಂದಿನ ಆಟದಲ್ಲಿ ಅದನ್ನು ವಿಮಾನ ಮಾಡಿದರು, ಚಕ್ರದ ಅಳತೆ ಸೇರಿಸೋದು ಮರೆತರು. ಆಟ ಏನು ಮಾಡುತ್ತಿತ್ತು ಅಂದರೆ, ಅದಕ್ಕಿಂತ ಮೊದಲು ಓದಿದ ಗಾಡಿಯ ಅಳತೆ ಮೆಮೊರಿಯಲ್ಲಿ ಅಳಿಸದೆ ಉಳಿದಿರುತ್ತಿತ್ತಲ್ಲ, ಅದನ್ನೇ ತೆಗೆದುಕೊಳ್ಳುತ್ತಿತ್ತು. ಹೊಸ ವಿಂಡೋಸ್ ಆ ಜಾಗವನ್ನು ತನ್ನ ಕೆಲಸಕ್ಕೆ ಬಳಸಿತು, ಹಳೇ ಅಂಕಿ ಅಳಿಯಿತು, ವಿಮಾನ ಹೋಯಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ಕಂಪ್ಯೂಟರ್ ಅಲ್ಲ, ನಿಮ್ಮ ಪ್ರಿಂಟಿಂಗ್ ಪ್ರೆಸ್ಸು. ಒಂದು ಲಗ್ನಪತ್ರಿಕೆ ಮುಗಿದ ಮೇಲೆ ಅಕ್ಷರದ ಅಚ್ಚುಮೊಳೆ ಬಿಚ್ಚಿ ಖಾನೆಗೆ ಹಾಕದೆ ಬಿಟ್ಟರೆ ನಿಮ್ಮಪ್ಪಯ್ಯ ಹೇಗೆ ಗದರುತ್ತಿದ್ದರು. ಹಿಂದಿನ ಮದುವೆಯ ಊರು ಮುಂದಿನ ಮದುವೆಗೆ ಬಂದು ಕೂರುತ್ತದೆ ಕಣ್ರೋ ಅನ್ನುತ್ತಿದ್ದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ನಾವು ಆಡುತ್ತಿದ್ದದ್ದು ಕುಗ್ಗಿಸಿದ ಕಾಪಿ. ಅಸಲಿ ಆಟ ಎರಡು ಸಿಡಿ. ಸೈಬರಿನದು ಒಂದೇ, ಅದೂ ಅರ್ಧ ತುಂಬಿದ್ದು. ಜಾಗ ಉಳಿಸೋಕೆ ರೇಡಿಯೋ, ಪಾತ್ರಗಳ ಮಾತು ಎಲ್ಲ ಕಿತ್ತು ಹಾಕಿದ್ದರು. ಅದು ನಮಗೆ ಗೊತ್ತೇ ಇರಲಿಲ್ಲ. ಆ ಊರಲ್ಲಿ ಯಾರೂ ಮಾತಾಡುವುದಿಲ್ಲ, ಬಾಯಿ ಮಾತ್ರ ಆಡಿಸುತ್ತಾರೆ ಅಂತಲೇ ಅಂದುಕೊಂಡಿದ್ದೆವು. ಕೆಳಗೆ ಇಂಗ್ಲಿಷ್ ಅಕ್ಷರ ಬಂದು ಹೋಗುತ್ತಿತ್ತು, ಕನ್ನಡ ಮೀಡಿಯಮ್ಮಿನ ನಾವು ಓದಿ ಮುಗಿಸುವುದರೊಳಗೆ ಮುಂದಿನದು. ಸೈಬರಿನವರ ರೇಡಿಯೋದಲ್ಲಿ ಯಾವಾಗಲೂ ಆಕಾಶವಾಣಿ ಭದ್ರಾವತಿ. ಓಷನ್ ಡ್ರೈವಿನ ತೆಂಗಿನ ಮರಗಳ ಪಕ್ಕದಲ್ಲಿ ನಾವು ಇನ್ಫರ್ನಸ್ ಕಾರು ಓಡಿಸುತ್ತಿದ್ದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಹೇಗೆ ಅಂತ ಹೇಳುತ್ತಿದ್ದರು. ನನಗೆ ಆ ಬೀದಿ ಅಂದರೆ ಇವತ್ತಿಗೂ ಆ ದನಿಯೇ.

ಮೊನ್ನೆ ಮೊದಲ ಸಲ ಆ ಊರಿನ ಸದ್ದು ಕೇಳಿದೆ ಕಣೋ. ಕಾರು ಹತ್ತಿದೆ, ರೇಡಿಯೋ ಹಾಡಿತು. ಸ್ಟೇಷನ್ ಬದಲಾಯಿಸಿದರೆ ಇನ್ನೊಂದು ಬಗೆಯ ಹಾಡು, ಇನ್ನೊಂದರಲ್ಲಿ ಬರೀ ಹರಟೆ. ನಾನು ಸುಮ್ಮನೆ ಗಾಡಿ ನಿಲ್ಲಿಸಿಕೊಂಡು ಕೇಳುತ್ತಾ ಕೂತೆ. ಲೈಸೆನ್ಸ್ ಮುಗಿದದ್ದಕ್ಕೆ ಕೆಲವು ಹಾಡು ಈ ಕಾಪಿಯಲ್ಲೂ ಇಲ್ಲ, ಅದು ಬೇರೆ ಸಂಕಟ. ಆಮೇಲೆ ಟಾಮಿ ಮಾತಾಡಿದ. ಗಟ್ಟಿ ದನಿ, ಸ್ವಲ್ಪ ಸಿಡುಕು, ಅದರೊಳಗೆ ದಣಿವು. ಆ ದನಿ ಕೊಟ್ಟದ್ದು ನಟ ರೇ ಲಿಯೊಟಾ. 2022ರಲ್ಲಿ ತೀರಿಕೊಂಡರು. ಒಬ್ಬ ಮನುಷ್ಯನ ದನಿಯನ್ನು ಅವನು ಹೋದ ಮೇಲೆ ಮೊದಲ ಸಲ ಕೇಳುವುದು, ಅದೂ ಹದಿನಾಲ್ಕರ ವಯಸ್ಸಿನಿಂದ ಅವನ ಬೆನ್ನ ಹಿಂದೆಯೇ ನಡೆದ ನಾನು ಕೇಳುವುದು, ಹೇಗನ್ನಿಸಿತು ಅಂತ ಹೇಳೋಕೆ ಬರುತ್ತಿಲ್ಲ.

ಕಥೆಯನ್ನು ಮೊದಲಿಂದ ಆಡಿದೆ. ಆ ಪುಟಾಣಿ ರಿಮೋಟ್ ಹೆಲಿಕಾಪ್ಟರಿನಲ್ಲಿ ಕಟ್ಟುತ್ತಿರುವ ಕಟ್ಟಡಕ್ಕೆ ನಾಲ್ಕು ಬಾಂಬ್ ಇಡುವುದು ಇತ್ತಲ್ಲ, ನಾವು ಯಾವಾಗಲೂ ಸಿಕ್ಕಿಬೀಳುತ್ತಿದ್ದದ್ದು? ಐದನೇ ಸಲಕ್ಕೆ ಆಯಿತು. ಮೊದಲ ಬಾಂಬ್ ಎತ್ತಿದ ಮೇಲೆಯೇ ಗಡಿಯಾರ ಶುರುವಾಗುವುದು. ಅದಕ್ಕೂ ಮೊದಲು ನಿಧಾನವಾಗಿ ಒಳಗೆ ಹೋಗಿ ದಾರಿ ನೋಡಿಕೊಳ್ಳಬಹುದು, ಸುತ್ತಿಗೆ ಹಿಡಿದು ಬರುವವರನ್ನು ರೆಕ್ಕೆಯಿಂದಲೇ ಉರುಳಿಸಬಹುದು. ನಾವು ಬಾಂಬ್ ಎತ್ತಿಕೊಂಡೇ ಓಡುತ್ತಿದ್ದೆವು. ಹದಿನೈದು ನಿಮಿಷದ ಹುಡುಗರಿಗೆ ನಿಧಾನ ಎಲ್ಲಿಂದ ಬರಬೇಕು.

ಇನ್ನೊಂದು ಮಾತು, ಇದು ಮಕ್ಕಳ ಆಟ ಅಲ್ಲ. ಆಗ ನಮ್ಮನ್ನು ಯಾರೂ ತಡೆಯಲಿಲ್ಲ, ತಡೆಯಬೇಕಿತ್ತು. ಮಗಳು ಎದ್ದು ಪಕ್ಕಕ್ಕೆ ಬಂದರೆ ನಿಲ್ಲಿಸಿಬಿಡುತ್ತೇನೆ.

ಮುಂದೆ ಹೋಗುತ್ತಾ ಹೋಗುತ್ತಾ ಟಾಮಿ ಊರಲ್ಲಿ ಆಸ್ತಿ ಕೊಳ್ಳುತ್ತಾನೆ. ಆಚೆ ದ್ವೀಪದ ಲಿಟಲ್ ಹೈಟಿಯಲ್ಲಿ 70,000 ಡಾಲರಿಗೆ ಒಂದು ಪ್ರಿಂಟಿಂಗ್ ಪ್ರೆಸ್ಸು. ನೀರಿನ ಮೇಲೆ ಕಾರು ಓಡಿಸಿಕೊಂಡು ನಾವು ಆ ಕಡೆ ಎಷ್ಟು ಸಲ ಹೋಗಿದ್ದೇವೆ! ಆಗ ಅದು ನಮಗೆ ಇನ್ನೊಂದು ಗೋಡೆ ಅಷ್ಟೇ. ಅಲ್ಲಿ ಕೆಲ್ಲಿ ಅಂತ ಒಬ್ಬ ವಯಸ್ಸಾದ ಮನುಷ್ಯ ಮಷೀನು ನೋಡಿಕೊಳ್ಳುತ್ತಾನೆ. ಟಾಮಿ ಅವನ ಹತ್ತಿರ ಬಂದು ನಿಂತು ಹೇಳುತ್ತಾನೆ, ನಮ್ಮಪ್ಪ ಇಂಥ ಮಷೀನಿನಲ್ಲೇ ಕೆಲಸ ಮಾಡುತ್ತಿದ್ದ, ಸಂಜೆ ಹೊತ್ತು ನಾನು ಅವನ ಜೊತೆ ರೋಲರ್ ಒರೆಸುತ್ತಾ ಇರುತ್ತಿದ್ದೆ, ನಾನೂ ಅದೇ ಕೆಲಸಕ್ಕೆ ಹೋಗುವವನಿದ್ದೆ, ಬದುಕು ಬೇರೆ ಕಡೆ ಹೋಯಿತು ಅಂತ. ಅಷ್ಟೇ. ನಾಲ್ಕು ಮಾತು. ಮುಂದಿನ ಗಳಿಗೆಯಲ್ಲಿ ಅಲ್ಲಿ ಖೋಟಾ ನೋಟು ಹೊಡೆಯುವ ಮಾತು ಶುರುವಾಗುತ್ತದೆ.

ನಾನು ಆಟ ನಿಲ್ಲಿಸಿದೆ.

ಗಾಂಧಿ ಬಜಾರಿನ ಹಿಂದಿನ ಓಣಿ, ನಿಮ್ಮ ಟ್ರೆಡಲ್ ಮಷೀನು, ಸೀಮೆಎಣ್ಣೆ ಅದ್ದಿದ ಬನಿಯನ್ ಬಟ್ಟೆ. ಮೂರು ರೋಲರ್ ಒರೆಸಿದರೆ ನಿಮ್ಮಪ್ಪಯ್ಯ ಹತ್ತು ರೂಪಾಯಿ ಕೊಡುತ್ತಿದ್ದರು. ಅದೇ ಹತ್ತು ರೂಪಾಯಿಯಲ್ಲಿ ಅಲ್ವಾ ನಾವು ಸೈಬರಿಗೆ ಹೋಗುತ್ತಿದ್ದದ್ದು? ನಿನ್ನ ಉಗುರಿನ ಸಂದಿಯಲ್ಲಿ ಕಪ್ಪು ಶಾಯಿ, ಕೀಬೋರ್ಡಿಗೆ ಹತ್ತುತ್ತದೆ ಅಂತ ಸೈಬರಿನವರು ಬೈದು ಕೈ ತೊಳೆಯೋಕೆ ಕಳಿಸುತ್ತಿದ್ದರು. ರೋಲರ್ ಒರೆಸಿ ಬಂದ ಹುಡುಗ, ರೋಲರ್ ಒರೆಸುತ್ತಾ ಬೆಳೆದ ಮನುಷ್ಯನನ್ನು ಎರಡು ವರ್ಷ ಆಡಿಸಿದ, ಅದು ನಿನಗೆ ಗೊತ್ತಾಗಲಿಲ್ಲ. ಆ ಮಾತನ್ನು ಯಾರೋ ಸಿಡಿಯಿಂದ ಕಿತ್ತಿದ್ದರು.

ನಿಮ್ಮಪ್ಪಯ್ಯ ತೀರಿಕೊಂಡ ಮೇಲೆ ಮಷೀನು ಗುಜರಿಗೆ ಕೊಟ್ಟದ್ದು, ಆ ದಿನ ನೀನು ಬೆಂಗಳೂರಿನಿಂದ ಬರೋಕಾಗದೆ ಹೋದದ್ದು, ಅದರ ಬಗ್ಗೆ ನಾವು ಯಾವತ್ತೂ ಮಾತಾಡಲಿಲ್ಲ. ತೂಕ ಹಾಕುವಾಗ ನಾನು ಅಲ್ಲಿದ್ದೆ. ಮೊಳೆಯ ಖಾನೆಯಿಂದ ಒಂದು ಹಿಡಿ ಎತ್ತಿಟ್ಟುಕೊಂಡೆ, ಅದನ್ನು ನಿನಗೆ ಹೇಳಿರಲಿಲ್ಲ. ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿ ನನ್ನ ಮೇಜಿನ ಮೇಲೆ ಇದೆ. ಜಾಸ್ತಿ ಇರುವುದು ಒತ್ತಕ್ಷರಗಳು. ಅವು ನಿನಗೆ ಸೇರಬೇಕಾದದ್ದು.

ದಸರಾಕ್ಕೆ ನಾಲ್ಕು ದಿನ ಇರುವ ಹಾಗೆ ಬಾ. ಪ್ರೆಸ್ಸಿನ ಬಾಗಿಲಲ್ಲೇ ಸೇವ್ ಮಾಡುವ ಆ ಗುಲಾಬಿ ಕ್ಯಾಸೆಟ್ ತಿರುಗುತ್ತಿರುತ್ತದೆ. ಆಟವನ್ನು ಅಲ್ಲೇ ಸೇವ್ ಮಾಡಿಟ್ಟಿದ್ದೇನೆ, ಅದಕ್ಕಿಂತ ಮುಂದೆ ಆಡಿಲ್ಲ. ಆ ದೃಶ್ಯ ನಿನಗೆ ಮತ್ತೆ ತೋರಿಸಬೇಕು ಅಂತ ಅದರ ಮುಂಚಿನದ್ದೂ ಒಂದು ಬೇರೆ ಇಟ್ಟಿದ್ದೇನೆ. ಇಲ್ಲಿ ಯಾರೂ ಅಳಿಸುವವರಿಲ್ಲ.

ನಿನ್ನವನೇ